ಏಳನೆಯವಳು ಬರಲಿಲ್ಲ

ವಿನೀತಾ, ಆ ಶನಿವಾರ ನನಗೆ ಜ್ವರ ಇರಲಿಲ್ಲ. ನಿನ್ನ ಸಂಘದ ಮೊದಲ ಸಭೆಗೆ ಬಂದು ಸಹಿ ಹಾಕಬೇಕಾದವಳು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಾ ಕೂತಿದ್ದೆ. ನಿನ್ನ ಫೋನ್ ಬಂದಾಗ ಕೆಮ್ಮಿದೆ — ಅಷ್ಟೇ.

ಜರ್ಮನಿ ಹೊರದೇಶದ ಕಂಪ್ಯೂಟರ್ ಕೆಲಸದವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ ಅದು. ನೀನು ಉಡುಪಿಯಿಂದ ಕಂಪ್ಯೂಟರ್ ಕೆಲಸಕ್ಕೆ ಕಲೋನ್‌ಗೆ ಬಂದವಳು. ನಾನು ಗಂಡನ ಹಿಂದೆ ಬಂದು, ಊಟ ಕಟ್ಟಿಕೊಟ್ಟು, ಹೊಸಬರಿಗೆ ಮನೆ ಹುಡುಕಿಕೊಟ್ಟು ನನ್ನ ಕಾಲ ಮೇಲೆ ನಿಂತವಳು. ಕನ್ನಡ ಕೂಟದವರಿಗೆ ಏನೇ ಚೌಕಾಸಿ ಇರಲಿ, ನಾನೇ ಬೇಕು. ಆ ಯುಗಾದಿಗೆ ಮಾತ್ರ ಎಲ್ಲೂ ಹಾಲ್ ಸಿಗದೆ ಕಂಗೆಟ್ಟಿದ್ದೆ. ನೀನು ನನ್ನನ್ನು ಇಂಗ್ರಿಡ್ ಹತ್ತಿರ ಕರೆದೊಯ್ದೆ.

ಸಲಿಂಗಿ ಹೆಂಗಸರ ಹಕ್ಕಿಗಾಗಿ ಇಂಗ್ರಿಡ್ ಮತ್ತು ಗೆಳತಿಯರು ಎಪ್ಪತ್ತರ ದಶಕದಲ್ಲಿ ಕಟ್ಟಿದ ಸಂಘದ ಹಾಲ್ ಅದು. ಗೋಡೆ ತುಂಬ ಅವರ ಮೆರವಣಿಗೆಗಳ ಕಪ್ಪುಬಿಳುಪು ಫೋಟೋ. ಮೊದಲು ಸಲಿಂಗಿ ಗಂಡಸರ ಜೊತೆ ಒಂದೇ ಸಂಘವಾಗಿತ್ತಂತೆ. "ಸಭೆಯಲ್ಲಿ ಮಾತು ಅವರದ್ದು, ಕಾಫಿ ಮಾಡೋದು ನಾವು. ಎದ್ದು ಬಂದೆವು," ಎಂದಳು. "ನಮ್ಮ ಕೂಟದ ಹಾಗೇ!" ಎಂದು ನಾನು ನಕ್ಕೆ. ಆಮೇಲೆ ಅವಳು ಇನ್ನೊಂದು ಹೇಳಿದಳು — ಹೆಂಗಸಿನ ಜೊತೆ ಬಾಳುತ್ತಾಳೆಂದು ಕೋರ್ಟು ಅವಳ ಮಕ್ಕಳನ್ನು ಗಂಡನಿಗೆ ಕೊಟ್ಟಿತ್ತಂತೆ. ಆಗ ನನಗೆ ನಗು ಬರಲಿಲ್ಲ.

ಬಾಡಿಗೆ ಬೇಡವೆಂದಳು. ಬದಲಿಗೆ ಒಂದನ್ನು ಕೇಳಿದವಳು ನೀನು. "ಅಕ್ಕ, ನಮ್ಮಂಥ ಇಂಡಿಯದವರಿಗೂ ಇಲ್ಲೊಂದು ಸಂಘ ಬೇಕು. ನೋಂದಾಯಿಸ್ಲಿಕ್ಕೆ ಏಳು ಜನ ಬೇಕಂತೆ, ಆರು ಜನ ಇದ್ದೇವೆ. ಇಂಗ್ರಿಡ್ ಬರ್ತೇನೆ ಅಂತಾರೆ, ಆದ್ರೆ ಏಳನೆಯವರು ನಮ್ಮ ಊರಿನ, ಮನೆ-ಮಕ್ಕಳಿರುವ ಒಬ್ಬರಾದ್ರೆ ಉಳಿದವರಿಗೆ ಧೈರ್ಯ."

"ಅದಕ್ಕೆಂತ ಮಾರಾಯ್ತಿ, ಒಂದು ಸಹಿ ತಾನೆ? ಹಾಕಿದೆ ಅಂತ್ಲೇ ತಿಳ್ಕೋ."

ಯುಗಾದಿಯ ಬೆಳಿಗ್ಗೆ ಆ ಫೋಟೋಗಳ ಮೇಲೆಲ್ಲ ನನ್ನ ರೇಷ್ಮೆ ಸೀರೆಗಳನ್ನು ಇಳಿಬಿಟ್ಟೆ. ಕೇಳಿದವರಿಗೆಲ್ಲ "ಹೊಲಿಗೆ ಕ್ಲಾಸಿನ ಹಾಲ್" ಎಂದೆ. ನಾನು ಹತ್ತಿದ ಸ್ಟೂಲನ್ನು ಅಲುಗದಂತೆ ಹಿಡಿದವಳು ನೀನು, ವಿನೀತಾ. ಇಂಗ್ರಿಡ್ ತನ್ನದೇ ಫೋಟೋ ಮುಚ್ಚಿದ ಸೀರೆಯ ಕೆಳಗೆ ಕೂತು ಹೋಳಿಗೆ ತಿಂದಳು. ಸೀರೆ ಚೆನ್ನಾಗಿದೆ ಎಂದಳು.

ಹಬ್ಬ ಮುಗಿಯಿತು. ನನಗೆ ಬೇಕಾದ್ದು ಸಿಕ್ಕಾಗಿತ್ತು. ಇನ್ನು ನನ್ನ ಪಾಲಿನದ್ದು ಕೊಡಬೇಕು ಎನ್ನುವಾಗ — ಗಿರಾಕಿಗಳು ಏನಂದಾರು, ಕೂಟದಲ್ಲಿ ಯಾರು ಬಾಯಿ ಬಿಟ್ಟಾರು ಎಂದು...

"ಚಹಾ ಮಾಡಿಟ್ಟು ಕಾಯ್ತಾ ಇದ್ದೇವೆ ಅಕ್ಕ. ಜ್ವರ ಆದ್ರೆ ಮುಂದಿನ ವಾರ ಇಟ್ಕೊಳ್ಳುವ?" ಎಂದೆ ನೀನು, ಆ ಶನಿವಾರದ ಫೋನಿನಲ್ಲಿ.

ಅಲ್ಲಿಗೇ ಬಿಡಬಹುದಿತ್ತು. ನನಗೆ ಉಪದೇಶದ ಚಟ. "ನೀನೂ ಒಂದು ಮದುವೆ ಅಂತ ಮಾಡ್ಕೋ. ಇದೆಲ್ಲ ತನ್ನಿಂದ ತಾನೇ ಹೋಗ್ತದೆ."

ನೀನು ಅಂದದ್ದು ಇಷ್ಟೇ: "ಜ್ವರ ನೋಡ್ಕೊಳ್ಳಿ ಅಕ್ಕ."

ಅಕ್ಕನೇ ಹೆದರಿದ ಮೇಲೆ ನಮ್ಮದೇನು ಎಂದು ಇಬ್ಬರು ಹಿಂದೆ ಸರಿದರಂತೆ. ಸಂಘ ಆಗಲಿಲ್ಲ. ನಿನ್ನ ಕಂಪನಿ ಮುಚ್ಚಿತು, ನೀನು ಬರ್ಲಿನ್‌ಗೆ ಹೋದೆ. ಎಷ್ಟೋ ವರ್ಷದ ಮೇಲೆ ಅಲ್ಲಿ ಬೇರೆಯವರ ಜೊತೆ ಅದನ್ನು ಕಟ್ಟಿದೆ — ನನ್ನ ಸಹಿ ಇಲ್ಲದೆಯೇ.

ಹೋದ ತಿಂಗಳು ಮೈಸೂರಿನ ಇಬ್ಬರು ಹುಡುಗಿಯರು ಮನೆ ಕೇಳಿಕೊಂಡು ಬಂದರು. "ವಿನೀತಕ್ಕ ಕಳಿಸಿದ್ರು. ಕಲೋನ್‌ನಲ್ಲಿ ಮನೆ ಅಂದ್ರೆ ನಿಮ್ಮನ್ನೇ ಕೇಳ್ಬೇಕಂತೆ." ನೀನು — ನನ್ನ ಹತ್ತಿರ — ಕಳಿಸಿದೆ! ಮನೆ ತೋರಿಸುತ್ತಿದ್ದ ಮಾಲೀಕ ಅಕ್ಕತಂಗಿಯರಾ ಎಂದು ಕೇಳಿದ. ಹೌದೆನ್ನಲು ನನ್ನ ಬಾಯಿ ಆಗಲೇ ತೆರೆದಿತ್ತು, ಹಳೇ ಅಭ್ಯಾಸ. ಅಷ್ಟರಲ್ಲಿ ಚಿಕ್ಕವಳು "ಅಲ್ಲ, ನಾವು ಜೋಡಿ" ಎಂದಳು. ಆತ ತಲೆಯಾಡಿಸಿ ನೆಲಮಾಳಿಗೆಯ ಬೀಗದ ಕೈ ಎಲ್ಲಿದೆಯೆಂದು ತೋರಿಸತೊಡಗಿದ. ಮನೆ ಅವರದ್ದಾಯಿತು.

ಇಂಗ್ರಿಡ್ ಈಗಿಲ್ಲ. ಅವಳಿಗೆ ಹೇಳುವ ಅವಕಾಶವನ್ನು ನಾನೇ ಕಳೆದುಕೊಂಡೆ. ಆದರೆ ಅವಳ ಹಾಲಿನಲ್ಲಿ ಉಂಡವರು ಕೂಟದಲ್ಲಿ ಇನ್ನೂ ಇದ್ದಾರೆ. ಆ ಹಾಲ್ ಯಾರದ್ದು, ಸೀರೆಗಳ ಹಿಂದೆ ಯಾರಿದ್ದರು, ಮಾತು ಕೊಟ್ಟು ತಪ್ಪಿದವಳು ಯಾರು — ಹೇಳಬೇಕು. ಸಭೆಯಲ್ಲಿ ಮಾತಾಡಲು ಸಮಯ ಕೇಳಿದಾಗ ಕೂಟದ ಅಧ್ಯಕ್ಷರು, "ಈಗ್ಯಾಕಕ್ಕ, ಮುಗಿದದ್ದು?" ಎಂದರು. ನನ್ನ ಮಟ್ಟಿಗೆ ಮುಗಿದಿಲ್ಲ ಎಂದೆ.

ಕ್ಷಮಿಸು ಎಂದು ಕೇಳುವುದಿಲ್ಲ, ವಿನೀತಾ. ನಿನ್ನಿಂದ ಪಡೆದದ್ದೇ ಬೇಕಾದಷ್ಟಿದೆ. ಭಾನುವಾರ ಕೂಟದ ಸಭೆ. ಮೊದಲು ಮಾತಾಡುವವಳು ನಾನು.