ಪ್ಯಾಕೆಟ್ಟಿನೊಳಗಿನ ಇದ್ದಿಲು

ಆ ವಿಡಿಯೊ ನೋಡಿದಾಗ ನಾನು ರಾಯಚೂರಿನ ಕೊರಿಯರ್ ಆಫೀಸಿನಲ್ಲಿ ಚೀಟಿ ಅಂಟಿಸುತ್ತ ನಿಂತಿದ್ದೆ. ಎಲ್ಲರಿಗೂ ಹೀಗೆಯೇ ಹೇಳಿದ್ದೇನೆ, ಹೇಳಿ ಹೇಳಿ ಅದು ಗಟ್ಟಿಯಾಗಿಬಿಟ್ಟಿದೆ. ಆದರೆ ಅದೇ ನೆನಪಿನಲ್ಲಿ ಒಲೆಯ ಮೇಲೆ ಹಾಲು ಸೀಯುವ ವಾಸನೆಯೂ ಇದೆ. ಕೊರಿಯರ್ ಆಫೀಸಿಗೆ ಹಾಲು ಎಲ್ಲಿಂದ ಬಂತು? ಎರಡರಲ್ಲಿ ಒಂದು ಸುಳ್ಳು, ಯಾವುದೆಂದು ನನಗೆ ಗೊತ್ತಿಲ್ಲ. ವಿಡಿಯೊ ಮಾತ್ರ ಬದಲಾಗುವುದಿಲ್ಲ. ಈಗಲೂ ಹುಡುಕಿದರೆ ಸಿಗುತ್ತದೆ.

ಬಿಳಿ ಟೇಬಲ್. ಅದರ ಮೇಲೆ ನನ್ನ ಅಂಗಡಿಯ ಹೆಸರಿರುವ ಖಾಕಿ ಬಣ್ಣದ ಪ್ಯಾಕೆಟ್. ಒಂದು ಹೆಣ್ಣುಗೈ ಖಡಕ್ ರೊಟ್ಟಿಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕೆ ಇಡುತ್ತದೆ. ಕೊನೆಯ ರೊಟ್ಟಿಯ ಕೆಳಗೆ ಉಗುರಿನಷ್ಟು ಅಗಲದ ಕರಿ ತುಂಡು. ಕೈ ಅದನ್ನು ಮುಟ್ಟುವುದಿಲ್ಲ, ಚಮಚದ ತುದಿಯಿಂದ ಸರಿಸುತ್ತದೆ. ಮುಖ ಕಾಣಿಸದ ದನಿ ಕೇಳುತ್ತದೆ: "ಇದು ನಮ್ಮನೆಗೆ ಬಂದ ಪ್ಯಾಕೆಟ್ ಒಳಗಡೆ ಇತ್ತು. ಇದೇನು ಅಂತ ಯಾರಾದ್ರೂ ಹೇಳ್ತೀರಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಸಿಟ್ಟಾದವರಿಗೆ ದುಡ್ಡು ವಾಪಸ್ ಕೊಟ್ಟು ಕ್ಷಮೆ ಕೇಳುವುದು ನನಗೆ ರೂಢಿಯಾಗಿತ್ತು.

ನನ್ನ ಅಂಗಡಿಗೆ ಬಾಗಿಲಿಲ್ಲ. ಅದು ಒಂದು ದೊಡ್ಡ ಆ್ಯಪಿನೊಳಗೆ, ಫೋನಿನಲ್ಲಿ ಇದೆ. ದೇವದುರ್ಗದ ಆಚೆ ಜಾಲಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ, ನಮ್ಮ ಬಾಯಲ್ಲಿ ಚಿಗವ್ವ, ಜೋಳದ, ಸಜ್ಜೆಯ ರೊಟ್ಟಿ ಬಡಿದು ಒಣಗಿಸಿ ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಮಾನ್ವಿಯ ಅಕ್ಕ ಒಬ್ಬರು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಕೊಡುತ್ತಾರೆ. ನಾನು ಫೋಟೊ ತೆಗೆಯುತ್ತೇನೆ, ಬಂದ ಆರ್ಡರುಗಳನ್ನು ಊರೂರಿಗೆ ಕಳಿಸುತ್ತೇನೆ. ನಮ್ಮ ಮನೆಯವರ ಮೊಬೈಲ್ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಮನೆ ನಡೆಯುತ್ತಿರುವುದು ಇದರಿಂದಲೇ. ಕೇಳಿದವರಿಗೆ ನಾನು ಸ್ವಂತ ವ್ಯಾಪಾರ ಎನ್ನುತ್ತೇನೆ. ಸ್ವಂತದ್ದು ಏನಿದೆಯೋ ಗೊತ್ತಿಲ್ಲ. ರೊಟ್ಟಿ ಚಿಗವ್ವನದು, ಹಿಂಡಿ ಅಕ್ಕನದು, ಅಂಗಡಿ ಆ್ಯಪಿನದು. ಹೆದರಿಕೆ ನನ್ನದು. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಯಾರಾದರೂ ನಕ್ಷತ್ರ ಕಡಿಮೆ ಕೊಟ್ಟಿದ್ದಾರೆಯೇ ಎಂದು ನೋಡುತ್ತೇನೆ. ಕಡಿಮೆಯಾದರೆ ಅಂಗಡಿ ಹುಡುಕುವವರ ಕಣ್ಣಿಗೆ ಬೀಳದಷ್ಟು ಕೆಳಗೆ ಜಾರುತ್ತದೆ. ಜಾರಿಸುವವರು ಯಾರೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ್ಯಪಿನಿಂದ ಸಂದೇಶ ಬಂತು. ಆಹಾರದಲ್ಲಿ ಹೊರಗಿನ ವಸ್ತು ಸಿಕ್ಕಿದ ದೂರು ಬಂದಿದೆ, ನಾಳೆ ಸಂಜೆಯೊಳಗೆ ವಿವರಣೆ ಕೊಡದಿದ್ದರೆ ಅಂಗಡಿಯನ್ನು ಮುಚ್ಚಲಾಗುವುದು. ಕೆಳಗೆ ಹೆಸರಿಲ್ಲ, ಫೋನ್ ನಂಬರಿಲ್ಲ. ಚಿಗವ್ವನಿಗೆ ಫೋನ್ ಹಚ್ಚಿದರೆ ಹತ್ತಲಿಲ್ಲ. ಮರುದಿನ ಮೊದಲ ಬಸ್ಸಿಗೇ ದೇವದುರ್ಗದ ಕಡೆ ಹೊರಟೆ.

ದಾರಿಯುದ್ದಕ್ಕೂ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಬಂದಾಗಲೆಲ್ಲ ವಿಡಿಯೊದ ಕೆಳಗೆ ಹೊಸ ಮಾತುಗಳು. ಹಳ್ಳಿ ಕಡೆಯವರ ಸ್ವಚ್ಛತೆ ಇಷ್ಟೇ ಎಂದು ಒಬ್ಬರು. ಇಂಥವರ ಮೇಲೆ ಕೇಸು ಹಾಕಬೇಕು ಎಂದು ಇನ್ನೊಬ್ಬರು. ಆಮೇಲೆ ಯಾರೋ ಬರೆದರು: ಅದು ಮಾಟ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹುಷಾರು. ಅಲ್ಲಿಂದ ಕೆಳಗೆ ಎಲ್ಲರೂ ಅದನ್ನೇ ಹಿಡಿದರು. ನೆಟ್‌ವರ್ಕ್ ಹೋದಾಗ ಇನ್ನೂ ಕಷ್ಟ. ಏನು ಬರೆಯುತ್ತಿರಬಹುದೆಂದು ನಾನೇ ಬರೆದುಕೊಳ್ಳುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖವನ್ನು ನೋಡುತ್ತಲೇ ಇದ್ದಳು.

"ಯಾರರ ತೀರಿಕೊಂಡಾರೇನ್ರಿ?"

"ಇಲ್ರಿ. ವ್ಯಾಪಾರದ ಮಾತು."

"ವ್ಯಾಪಾರಕ್ಕ ಹಿಂಗ ಮಾರಿ ಮಾಡ್ಕೋತಾರೇನು. ನಾ ಮಣ್ಣಿಗಿ ಹೊಂಟೀರಿ ಅಂದಕೊಂಡಿದ್ದೆ," ಎಂದು ಅವಳು ಬುಟ್ಟಿಯಿಂದ ಒಂದು ಪೇರಲ ಹಣ್ಣು ತೆಗೆದು ನನ್ನ ಕೈಯಲ್ಲಿಟ್ಟಳು. ಅದನ್ನು ತಿಂದೆನೋ ಬಸ್ಸಿನಲ್ಲೇ ಬಿಟ್ಟೆನೋ.

ದೇವದುರ್ಗದಲ್ಲಿ ಬಸ್ಸು ಬದಲಿಸಿ ಜಾಲಹಳ್ಳಿ ತಲುಪಿದಾಗ ಚಿಗವ್ವ ಒಲೆಯ ಮುಂದೆ ಇದ್ದಳು. ಹೇಳದೆ ಕೇಳದೆ ಬಂದದ್ದಕ್ಕೆ ಬೈದಳು, ನೀರು ಕೊಟ್ಟಳು, ಮಕ್ಕಳ ಸುದ್ದಿ ಕೇಳಿದಳು. ಕಟ್ಟೆಯ ಮೇಲೆ ಸೀಲ್ ಮಾಡುವ ಮಷೀನು ಇತ್ತು. ಮೊದಲೆಲ್ಲ ಅವಳು ರೊಟ್ಟಿಯನ್ನು ಚೀಲಕ್ಕೆ ತುಂಬಿ ಕಳಿಸುತ್ತಿದ್ದಳು, ಪ್ಯಾಕೆಟ್ ಮಾಡುವುದು ರಾಯಚೂರಿನಲ್ಲಿ ನನ್ನ ಕೆಲಸವಾಗಿತ್ತು. ಚೀಲದಲ್ಲಿ ರೊಟ್ಟಿ ಒಡೆಯುತ್ತವೆಂದು ಈ ಬೇಸಿಗೆಯಿಂದ ಮಷೀನನ್ನು, ಖಾಕಿ ಪ್ಯಾಕೆಟ್ಟುಗಳನ್ನು ಅವಳ ಮನೆಗೇ ತಂದುಕೊಟ್ಟಿದ್ದೆ. ಒಳಗಿನದು ಕಾಣದ ಆ ಪ್ಯಾಕೆಟ್ಟನ್ನು ಆರಿಸಿದವಳೂ ನಾನೇ. ಫೋಟೊದಲ್ಲಿ ಚೆನ್ನಾಗಿ ಬರುತ್ತದೆಂದು.

ಫೋನು ಅವಳ ಕೈಗೆ ಕೊಟ್ಟೆ. ವಿಡಿಯೊ ಕೊನೆಯವರೆಗೆ ನೋಡಿದಳು. ಎಷ್ಟು ಸ್ವಚ್ಛ ಇಟ್ಟಾಳ ನೋಡು ಅಡಗಿಮನಿ ಎಂದಳು.

"ಚಿಗವ್ವಾ, ಆ ಇದ್ದಲಿ ಹ್ಯಾಂಗ ಹೋತು ಅದರಾಗ?"

"ಹ್ಯಾಂಗ ಹೋಗ್ತದ? ನಾನ ಇಟ್ಟೀನಿ."

ಅವಳೇ ಮುಂದುವರಿಸಿದಳು.

"ಊರು ದಾಟಿ ಹೋಗೂ ಬುತ್ತಿ ಅದು. ಹಂಗ ಬರೇದು ಕಳಸೂದೇನು? ಗಾಳಿ ಗರ ಬೆನ್ನ ಹತ್ತಿದ್ರ ಉಂಡವರ ಗತಿ ಏನಬೇ?"

"ಮದಲಿಂದನೂ ಇಡ್ತಿದ್ದೇನು?"

"ಮದಲ ಚೀಲಕ್ಕೊಂದು ಇಡ್ತಿದ್ದೆ. ಆವಾಗ ಎಲ್ಲಾ ನಿನ್ನ ಮನಿಗೇ ಬರ್ತಿದ್ವು. ಈಗ ನೀನ ಹೇಳಿದಿ, ಒಂದೊಂದು ಪಾಕೀಟು ಒಂದೊಂದು ಮನಿಗಿ ಹೋಗ್ತದ ಅಂತ."

"ಎಲ್ಲಾದರಾಗೂ ಇಟ್ಟೀಯೇನು ಹಂಗಾದ್ರ?"

"ಒಬ್ಬರಿಗಿ ಇಟ್ಟು ಒಬ್ಬರಿಗಿ ಬಿಡಾಕ ನನಗೇನು ಅವರ ಮ್ಯಾಲ ಸಿಟ್ಟದನ?"

ಇಲ್ಲಿ ನನ್ನ ಎದೆ ಧಸಕ್ಕೆಂದಿತು ಎಂದು ಬರೆಯಬೇಕು. ಹಾಗೆ ಆಗಲಿಲ್ಲ. ಆದದ್ದು ಕಿವಿಗೆ. ಒಲೆಯ ಸದ್ದು, ಹೊರಗೆ ಕೋಳಿಯ ಸದ್ದು ಎಲ್ಲ ದೂರ ಹೋದವು. ಒಂದು ಪ್ಯಾಕೆಟ್ಟಲ್ಲ. ಬೇಸಿಗೆಯಿಂದ ಇಲ್ಲಿಂದ ಹೊರಟ ಪ್ರತಿಯೊಂದೂ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ, ನಾನು ಹೆಸರೇ ಕೇಳದ ಊರುಗಳ ಅಡುಗೆಮನೆಗಳಲ್ಲಿ. ಕೆಲವು ಇನ್ನೂ ಕೊರಿಯರ್ ಗಾಡಿಗಳಲ್ಲಿ ಹೋಗುತ್ತಿವೆ, ನಾಳೆ ನಾಡಿದ್ದು ಯಾರೋ ಬಿಚ್ಚುತ್ತಾರೆ.

ಊರು ದಾಟುವ ಬುತ್ತಿಗೆ ಇದ್ದಿಲು ಇಡುವುದು ನನಗೆ ಗೊತ್ತಿರದ ಸಂಗತಿಯಲ್ಲ. ಅವ್ವನೂ ಇಡುತ್ತಿದ್ದಳು, ತವರಿನಿಂದ ಬರುವಾಗ ಹೋಳಿಗೆಯ ಗಂಟಿನಲ್ಲಿ ಅದು ಇರುತ್ತಿತ್ತು, ಮನೆ ಮುಟ್ಟಿದ ಮೇಲೆ ತೆಗೆದು ಬೀದಿಗೆ ಎಸೆಯುತ್ತಿದ್ದೆವು. ಹಾಗಿದ್ದರೂ ವಿಡಿಯೊದಲ್ಲಿ ಅದನ್ನು ಕಂಡಾಗ ಗುರುತು ಸಿಗಲಿಲ್ಲ ಎನ್ನುತ್ತೇನೆ. ನಿಜವಾಗಿ ಸಿಗಲಿಲ್ಲವೋ, ಸಿಕ್ಕರೂ ಬೇಡವೆಂದು ತಳ್ಳಿದೆನೋ. ಚೀಲ ಬರಿದು ಮಾಡುವಾಗ ಉದುರುತ್ತಿದ್ದ ಕರಿ ತುಂಡನ್ನು ಒಲೆಯದ್ದೆಂದು ಎಷ್ಟೋ ಸಲ ಗುಡಿಸಿ ಹಾಕಿದ್ದು ಮಾತ್ರ ಈಗ ಸ್ಪಷ್ಟವಾಗಿ ನೆನಪಾಗುತ್ತದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ಅದರ ಮೇಲೂ ಅನುಮಾನ.

ಜನ ಇದನ್ನು ಮಾಟ ಎನ್ನುತ್ತಿದ್ದಾರೆಂದು ಚಿಗವ್ವನಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

"ಮಾಟನ? ನಾನು?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ದನಿ ತಗ್ಗಿಸಿ, "ಪೊಲೀಸರು ಬರ್ತಾರೇನು?"

ಬರುವುದಿಲ್ಲ ಎಂದೆ. ನನಗೇನೂ ಗೊತ್ತಿರಲಿಲ್ಲ. ಅವಳು ಒಲೆಯ ಬೆಂಕಿ ಹಿಂದೆಳೆದು ಹಂಚು ಇಳಿಸಿದಳು. ಅರ್ಧ ಬಡಿದ ರೊಟ್ಟಿ ಹಾಗೇ ಉಳಿಯಿತು. ನನಗಿಂತ ಅವಳೇ ಹೆಚ್ಚು ಹೆದರಿದ್ದಳು. ಯಾರನ್ನು ಕಾಯಲೆಂದು ಅಷ್ಟು ಇದ್ದಿಲು ಆರಿಸಿ ಒರೆಸಿ ಇಟ್ಟಿದ್ದಳೋ ಅವರೇ ತನ್ನನ್ನು ಹಿಡಿಸಿಕೊಡುತ್ತಾರೆಂದು.

ವಾಪಸ್ ಮಾನ್ವಿಯ ಮೇಲೆ ಹೋದೆ, ಹಿಂಡಿಯ ಪ್ಯಾಕೆಟ್ಟುಗಳಲ್ಲಿ ಏನಾದರೂ ಇದೆಯೋ ನೋಡಬೇಕಿತ್ತು. ಏನೂ ಇರಲಿಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡು, ಜಾಲಹಳ್ಳಿ ಮಂದಿದು ನಮಗ್ಯಾಕ, ನನ್ನ ಹಿಂಡಿ ಹೆಸರು ಎಲ್ಲೂ ಬರಬಾರದು ನೋಡ್ರಿ ಎಂದರು. ಒಲೆಯಿಂದ ಸಿಡಿದು ಬಿತ್ತು ಅಂತ ಬರೆದು ಕೈ ತೊಳಕೊಳ್ಳಿ ಎಂದು ಉಪಾಯವನ್ನೂ ಅವರೇ ಕೊಟ್ಟರು. ನಮ್ಮ ಮನೆಯವರೂ ಫೋನಿನಲ್ಲಿ ಅದನ್ನೇ ಅಂದಿದ್ದರು. ಒಂದು ತುಂಡು, ಒಂದು ತಪ್ಪು, ಒಂದು ಕ್ಷಮೆ.

ಮಾನ್ವಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಹಾಗೆಯೇ ಬರೆದೆ. ಕಳಿಸುವ ಮುಂಚೆ ಅಳಿಸಿದೆ. ಸತ್ಯದ ಮೇಲಿನ ಪ್ರೀತಿಯಿಂದಲ್ಲ. ನಾಳೆ ಇನ್ನೊಬ್ಬರು ಬಿಚ್ಚಿದರೆ ಅಲ್ಲೂ ಅದೇ ತುಂಡು, ಅದೇ ಜಾಗದಲ್ಲಿ, ಕೊನೆಯ ರೊಟ್ಟಿಯ ಕೆಳಗೆ ಇರುತ್ತದೆ. ಎಲ್ಲ ಮನೆಗೂ ಒಂದೇ ಥರ ಸಿಡಿಯುವ ಒಲೆ ಎಲ್ಲಿದೆ? ಸುಳ್ಳು ಹೇಳುವುದಕ್ಕಿಂತ ಸಿಕ್ಕಿಬೀಳುವುದಕ್ಕೆ ಹೆಚ್ಚು ಹೆದರಿ ನಿಜ ಬರೆದೆ. ಪ್ರಯಾಣಕ್ಕೆ ಕಟ್ಟುವ ಬುತ್ತಿಗೆ ನಮ್ಮ ಕಡೆ ಇದ್ದಿಲು ಇಡುತ್ತಾರೆ, ಉಣ್ಣುವವರಿಗೆ ಕೆಟ್ಟದ್ದು ತಾಗದಿರಲೆಂದು. ನಮ್ಮ ಮನೆಯ ಹಿರಿಯರು ಹಾಗೆ ತಿಳಿದು ಇಟ್ಟಿದ್ದಾರೆ. ನಿಮ್ಮ ಪ್ಯಾಕೆಟ್ಟಿನಲ್ಲೂ ಇರುತ್ತದೆ, ತೆಗೆದು ಎಸೆಯಿರಿ, ಬೇಡವೆನಿಸಿದರೆ ದುಡ್ಡು ವಾಪಸ್ ಕೊಡುತ್ತೇನೆ. ಆ್ಯಪಿಗೆ ಇದೇ, ಕೊಂಡವರೆಲ್ಲರಿಗೂ ಇದೇ. ಕೈ ಬೆವರಿ ಪರದೆ ಒತ್ತಿದ್ದನ್ನು ಕೇಳುತ್ತಿರಲಿಲ್ಲ, ಸೆರಗಿಗೆ ಒರೆಸಿ ಒರೆಸಿ ಒತ್ತಿದೆ. ಬಸ್ಸು ಬಂತು, ಹೋಯಿತು. ನಾನು ಕೂತೇ ಇದ್ದೆ.

ಉತ್ತರಗಳು ಬಂದವು. ಕೆಲವರು ದುಡ್ಡು ಕೇಳಿದರು. ಒಬ್ಬರು, ಅದು ತೇವ ಹೀರಲಿ ಅಂತ ಇಟ್ಟದ್ದು ಎಂದುಕೊಂಡು ಡಬ್ಬಿಯಲ್ಲೇ ಬಿಟ್ಟಿದ್ದೇನೆ, ರೊಟ್ಟಿ ಇನ್ನೂ ಖಡಕ್ಕಾಗಿವೆ ಎಂದು ಮೆಚ್ಚಿ ಬರೆದಿದ್ದರು. ಹೆಚ್ಚಿನವರು ಏನೂ ಬರೆಯಲಿಲ್ಲ. ಆ ಸುಮ್ಮನಿರುವವರೇ ನನಗೆ ಹೆಚ್ಚು ಭಯ ಹುಟ್ಟಿಸಿದರು.

ವಿಡಿಯೊ ಮಾಡಿದವಳೂ ಬರೆದಳು. ಅವಳ ಮನೆಯಲ್ಲಿ ಕೂಸಿತ್ತು. ಅತ್ತೆ ಆ ತುಂಡನ್ನು ಎಸೆಯಲೂ ಬಿಡದೆ, ಮನೆಯೊಳಗೆ ಇರಲೂ ಬಿಡದೆ, ಬಾಲ್ಕನಿಯಲ್ಲಿ ಬಟ್ಟಲು ಮುಚ್ಚಿಟ್ಟಿದ್ದರಂತೆ. ಮಗುವಿಗೆ ಅದೇ ದಿನ ಜ್ವರವೂ ಬಂದಿತ್ತಂತೆ. "ನಂಗೆ ಇಂಥದ್ರಲ್ಲೆಲ್ಲ ನಂಬಿಕೆ ಇಲ್ಲ, ಆದ್ರೂ ಕೈ ಕಾಲು ಆಡ್ಲಿಲ್ಲ," ಎಂದು ಬರೆದಿದ್ದಳು. ಮಗು ಈಗ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದಳು. ವಿಡಿಯೊ ತೆಗೆಯುತ್ತೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂಗಡಿ ಮುಚ್ಚಿತು. ಆ ಸಂಜೆಯೇ ಎಂದು ನಾನು, ಮರುದಿನ ಎಂದು ನಮ್ಮ ಮನೆಯವರು. ನನ್ನ ವಿವರಣೆಗೆ ಉತ್ತರವಿರಲಿಲ್ಲ. ಫೋಟೊಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು, ಅಷ್ಟೇ. ಇವರು ಪರಿಚಯದವರ ಅಂಗಡಿಗೆ ಸಂಬಳಕ್ಕೆ ಹೋಗುವ ಮಾತೆತ್ತಿದರು. ದಿನವೂ ಬೂದು ಫೋಟೊಗಳನ್ನು ತೆರೆದು ನೋಡುತ್ತಿದ್ದೆ. ಎಷ್ಟು ದಿನವೆಂದು ಕೇಳಬೇಡಿ, ಪ್ರತಿ ಸಲ ಬೇರೆ ಬೇರೆ ಹೇಳುತ್ತೇನೆ. ಒಂದು ಬೆಳಿಗ್ಗೆ ಅವಕ್ಕೆ ಬಣ್ಣ ಬಂದಿತ್ತು. ಯಾಕೆ ಮುಚ್ಚಿತೆಂದು ಹೇಳಿದ್ದರು, ಯಾಕೆ ತೆರೆಯಿತೆಂದು ಯಾರೂ ಹೇಳಲಿಲ್ಲ. ನಾನು ಬರೆದದ್ದನ್ನು ಮನುಷ್ಯರು ಯಾರಾದರೂ ಓದಿದರೇ ಎಂಬುದೂ ಗೊತ್ತಾಗಲಿಲ್ಲ. ಯಾವ ಕಾರಣವೂ ಇಲ್ಲದೆ ತೆರೆದದ್ದು ಹಾಗೆಯೇ ಮುಚ್ಚಬಹುದು.

ಚಿಗವ್ವ ಮಾತ್ರ ಒಲೆ ಹೊತ್ತಿಸಿರಲಿಲ್ಲ. ಮತ್ತೆ ಜಾಲಹಳ್ಳಿಗೆ ಹೋದೆ. ಪೊಲೀಸರೂ ಬರಲಿಲ್ಲ, ಯಾರೂ ಬರಲಿಲ್ಲ ಎಂದೆ. ಇನ್ನು ಮೇಲೆ ಪ್ಯಾಕೆಟ್ಟಿನಲ್ಲಿ ರೊಟ್ಟಿ ಬಿಟ್ಟು ಏನೂ ಇರಬಾರದು ಎಂದೆ. ಅವಳು ಆರಿದ ಒಲೆಯ ಬೂದಿ ಕೆದಕಿದಳು.

"ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗಿ ಹಾಕ್ತೀನಿ. ಪಾಕೀಟಿನಾಗ ಏನೂ ಹೋಗೂದಿಲ್ಲ. ಅದೂ ಬ್ಯಾಡಂದ್ರ ನೀನ ಬಡಕೋ ರೊಟ್ಟಿ."

ಆಗಲಿ ಎಂದೆ. ನನ್ನ ಕೈಯಲ್ಲಿ ರೊಟ್ಟಿ ದುಂಡಗೆ ಬರುವುದಿಲ್ಲ.

ಈಗ ವ್ಯಾಪಾರ ನಡೆದಿದೆ, ಮೊದಲಿನಷ್ಟಿಲ್ಲ. ಹೋದ ವಾರ ಕೂಸಿಗೆ ಹಲ್ಲು ಬಂದಿದೆಯೆಂದು ಒಬ್ಬರು ಸಜ್ಜೆ ರೊಟ್ಟಿ ಕೇಳಿದರು. ಕೂಸು ಎಂದದ್ದೇ ತಡ ನನಗೆ ಆ ಬಾಲ್ಕನಿಯ ಬಟ್ಟಲು ನೆನಪಾಯಿತು. ಚಿಗವ್ವನಿಗೆ ಫೋನ್ ಹಚ್ಚಿ ನಿವಾಳಿಸಿದಿ ಇಲ್ಲೋ ಎಂದು ಕೇಳಿದೆ. ಕೇಳುವವಳು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ.

"ಇವತ್ತ ಮರತೆ ಬೇ. ಬಸ್ಸಿನ್ಯಾಗ ಹಾಕಿ ಬಂದೀನಿ. ಇರಲಿ ಬಿಡು, ಒಂದಿನಕ್ಕ ಏನಾಗ್ತದ."

ಅವಳು ನಿಶ್ಚಿಂತಳಾಗಿದ್ದಳು. ಪಾರ್ಸೆಲ್ ಬಿಡಿಸಿಕೊಂಡು ಮನೆಗೆ ತಂದೆ. ಪ್ಯಾಕೆಟ್ಟುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟೆ, ಬಾಗಿಲು ಹಾಕಿಕೊಂಡೆ. ಡಬ್ಬಿಯಿಂದ ಉಪ್ಪು ಹಿಡಿಯಲ್ಲಿ ತೆಗೆದುಕೊಂಡು ನಿಂತೆ. ಅವ್ವ ಎಡದಿಂದ ಬಲಕ್ಕೆ ಕೈ ತಿರುಗಿಸುತ್ತಿದ್ದಳೋ ಬಲದಿಂದ ಎಡಕ್ಕೋ ನೆನಪಾಗಲಿಲ್ಲ. ತಪ್ಪಿದರೆ ಏನಾಗುತ್ತದೆಂದು ಕೇಳಲು ಯಾರೂ ಇರಲಿಲ್ಲ. ಎರಡೂ ಕಡೆಯಿಂದ ತಿರುಗಿಸಿದೆ. ಮನೆಯಲ್ಲಿ ಒಲೆ ಇಲ್ಲ, ಗ್ಯಾಸ್ ಹಚ್ಚಿ ಅದರ ಮೇಲೇ ಹಾಕಿದೆ. ಉಪ್ಪು ಚಟಪಟ ಸಿಡಿದು ಕೈಗೆ ತಾಗಿತು.