ಅಪ್ಪನ ಬಲಗೈ ಪರೀಕ್ಷೆ

ನಮ್ಮಪ್ಪ ನಲವತ್ತೆರಡು ವರ್ಷದಿಂದ ಜನರ ಕೂದಲು ಕತ್ತರಿಸುತ್ತಿದ್ದಾರೆ, ಕತೆ ಹೇಳಿ ಹೇಳಿ ತಲೆಯನ್ನೂ ತಿನ್ನುತ್ತಿದ್ದಾರೆ. ಆರು ತಿಂಗಳ ಹಿಂದೆ ಅವರ ಬಲಗೈ ಸೋಲತೊಡಗಿತು. ಇಬ್ಬರ ಕಟಿಂಗ್ ಮುಗಿಯುವಷ್ಟರಲ್ಲಿ ತೋಳು ಕೆಳಗಿಳಿಯುತ್ತಿತ್ತು. ಅದೇ ಅಂಗಡಿಯ ಎರಡನೇ ಕುರ್ಚಿ ನನ್ನದು. ದೊಡ್ಡ ಬುದ್ಧಿವಂತನ ಹಾಗೆ ಅಪ್ಪಣೆ ಹೊರಡಿಸಿದೆ.

"ಮಾತು ಕಮ್ಮಿ ಮಾಡಿ ಅಪ್ಪಾ. ಆಯಾಸ ಆಗ್ತಿರೋದು ಅದ್ರಿಂದಾನೇ."

ಅಪ್ಪ ಬಾಯಿಗೆ ಬೀಗ ಹಾಕಿಕೊಂಡರು. ಕೈ ಇನ್ನೂ ಬೇಗ ಸೋಲತೊಡಗಿತು.

ಕೊನೆಗೆ ಆಸ್ಪತ್ರೆಗೆ ಹೊರಟೆವು. "ಕೈ ಹೋಯ್ತು ಅಂದ್ರೆ ಇವತ್ತಿಗೇ ಕೆಲ್ಸ ಬಿಟ್ಟೆ," ಎಂದರು ಬಸ್ಸಿನಲ್ಲಿ. ದಾರಿಯುದ್ದಕ್ಕೂ ಆಡಿದ್ದು ಅಷ್ಟೇ.

ಪರೀಕ್ಷೆ ಮಾಡುವವಳು ಕಟ್ಟುನಿಟ್ಟಿನ ಹುಡುಗಿ. ಮೊದಲು ಹಿಡಿತದ ಬಲ ಅಳೆಯುವ ಒಂದು ಹಿಡಿಕೆ ಕೊಟ್ಟು ಗಟ್ಟಿಯಾಗಿ ಹಿಸುಕಿಸಿದಳು. ಮೂವತ್ತೊಂದು ಕಿಲೋ. ಶಕ್ತಿಗೇನೂ ಕೊರತೆಯಿರಲಿಲ್ಲ. ಆಮೇಲೆ ತೋಳಿಗೆ ವೈರು ಅಂಟಿಸಿ, ಭುಜದ ಮಟ್ಟಕ್ಕೆ ಎತ್ತಿ ಹಿಡಿಯಲು ಹೇಳಿದಳು. "ಆಗಲ್ಲ ಅನ್ನೋವರೆಗೂ ಇಳಿಸ್ಬೇಡಿ. ಮಾತಾಡ್ಬೇಡಿ."

ಅಪ್ಪ ಗೋಡೆ ನೋಡುತ್ತ ನಿಂತರು. ಎರಡು ನಿಮಿಷ ಹತ್ತು ಸೆಕೆಂಡಿಗೆ ತೋಳು ಬಿತ್ತು. ಮುಖ ಸಣ್ಣಗಾಯಿತು.

ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ. ತೋಳು ಮೇಲಕ್ಕೆ ಹೋದಮೇಲೆ ಹುಡುಗಿ ತನ್ನ ಕಟ್ಟುನಿಟ್ಟು ತಾನೇ ಮರೆತಳು. "ಎಷ್ಟು ವರ್ಷದಿಂದ ಕಟಿಂಗ್ ಮಾಡ್ತಿದೀರಿ, ತಾತ?"

ಕೇಳಬಾರದಿತ್ತು. ಒಬ್ಬ ಹೆಡ್‌ಮಾಸ್ತರರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದು, ಅರ್ಧ ಮೀಸೆ ತೆಗೆದಾಗ ಶಾಲೆಯ ಗಂಟೆ ಕೇಳಿ ಎದ್ದು ಓಡಿದ್ದು, ಇವರು ಕತ್ತರಿ ಹಿಡಿದು ಏಳನೇ ತರಗತಿಯ ಬಾಗಿಲವರೆಗೆ ಬೆನ್ನಟ್ಟಿದ್ದು, ಎಲ್ಲ ಹೊರಬಂತು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ನೋಡಿದರೆ ಐದು ನಿಮಿಷವಾಗುತ್ತ ಬಂದಿತ್ತು. ತೋಳು ಅಲ್ಲೇ ಇತ್ತು.

"ಕೈ ನೋಯ್ತಿಲ್ವಾ ತಾತ?"

"ನೋಯುತ್ತಮ್ಮಾ. ಮಾತಾಡ್ತಿದ್ರೆ ಗೊತ್ತಾಗಲ್ಲ."

ಅವಳು ನನ್ನ ಕಡೆ ತಿರುಗಿದಳು. "ಅಂಗಡೀಲಿ ಇವ್ರನ್ನ ಮಾತಾಡೋಕೆ ಬಿಡ್ತೀರಿ ತಾನೇ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ನಗು ತಡೆಯಲಾಗಲಿಲ್ಲ. ಡಾಕ್ಟರು ಎರಡೂ ಲೆಕ್ಕ ನೋಡಿ, ಕೈ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ, ನಡುನಡುವೆ ಐದು ನಿಮಿಷ ಕೂತು ಕೆಲಸ ಮಾಡಿ ಎಂದರು. ಬಸ್ಸಿನಲ್ಲಿ ಅಪ್ಪ ಪಕ್ಕದ ಸೀಟಿನವನ ತಲೆ ತಿಂದರು. ನನಗೆ ಹಾಲು ಕುಡಿದಷ್ಟು ಖುಷಿ.

ನೇರವಾಗಿ ಅಂಗಡಿಗೆ ಹೋದೆವು. ನಾನೇ ಅಪ್ಪನ ಕುರ್ಚಿಯಲ್ಲಿ ಕೂತೆ.

"ತಪ್ಪು ನಂದೇ ಅಪ್ಪಾ. ಕಟಿಂಗ್ ಮಾಡಿ. ಏನಾದ್ರೂ ಹೇಳ್ತಾ ಮಾಡಿ."

"ಎಲ್ಲಾ ನೀನು ಕೇಳಿರೋವೇ ಅಲ್ವೇನೋ," ಎಂದು ಕತ್ತರಿ ಎತ್ತಿಕೊಂಡರು.

"ಒಂದನ್ನೂ ಪೂರ್ತಿ ಕೇಳಿಲ್ಲ," ಎಂದೆ.