ಶೈಲಜಮ್ಮನವರ ಸಕ್ಕರೆ ಡಬ್ಬಿ

ಶೇಷಾದ್ರಿಪುರದ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಉಪನ್ಯಾಸಕಿ ಶೈಲಜಮ್ಮನವರ ಮಾತೇ ಮಾತು. ವೈಯಾಲಿಕಾವಲ್‌ನಿಂದ ನಡೆದೇ ಬಂದು, ಸೋಡಿಯಂ ದೀಪ ಹಚ್ಚಿ, ಬೆಳಕಿನ ಧ್ರುವೀಕರಣದ ಪ್ರಯೋಗಗಳನ್ನು ಜೋಡಿಸಿಡುವುದು ಅವರಿಗೆ ಮನೆಯ ಲಿಂಗಪೂಜೆಯಷ್ಟೇ ರೂಢಿ. ಸಕ್ಕರೆ ನೀರಿನೊಳಗೆ ಹಾದ ಬೆಳಕು ಎಷ್ಟು ತಿರುಗುತ್ತದೆಂದು ಅಳೆಯುವ ಪ್ರಯೋಗವಂತೂ ಅವರ ಮುದ್ದಿನ ಕೂಸು. ಬೇಗ ಕರಗಲೆಂದು ಸಕ್ಕರೆಯನ್ನು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ತಂದು ಡಬ್ಬಿ ತುಂಬುವರು. ಬೈಯುವುದರಲ್ಲಿ ಎತ್ತಿದ ಕೈ, ಆದರೆ ಮಕ್ಕಳೆಂದರೆ ಪ್ರಾಣ.

ಈ ಸಲದ ಪ್ರಾಕ್ಟಿಕಲ್ ಪರೀಕ್ಷೆಯಲ್ಲೂ ಇದೇ ಪ್ರಯೋಗ. ಎಲ್ಲರಿಗೂ ಪುಸ್ತಕದಲ್ಲಿರುವಂತೆ ಅರವತ್ತಾರು ಡಿಗ್ರಿ ಬಂತು, ಲಾಸ್ಯಾ ಎಂಬ ಹುಡುಗಿಗೆ ಮಾತ್ರ ನಲವತ್ತೆಂಟು. ಮತ್ತೆ ಮತ್ತೆ ನೋಡಿದಳು, ಅದೇ ಬಂತು. ಅದನ್ನೇ ಬರೆದಳು. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕ ಪ್ರಭುದೇವ ಕೆಂಪು ಪೆನ್ನು ತೆಗೆದರು.

"ಇದಕ್ಕೆ ಪಾಸ್ ಮಾಡೋಕಾಗಲ್ಲಮ್ಮ."

ಹುಡುಗಿಯ ಕಣ್ಣು ತುಂಬಿತು. ಶೈಲಜಮ್ಮ ತಾವೇ ಹೋಗಿ ಕಣ್ಣಿಟ್ಟು ನೋಡಿ ಲೆಕ್ಕ ಹಾಕಿದರು. ನಲವತ್ತೆಂಟೇ. ಡಬ್ಬಿ ತೆಗೆದು ಚಿಟಿಕೆ ಪುಡಿ ನಾಲಿಗೆಗೆ ಹಾಕಿಕೊಂಡರೆ ತಣ್ಣಗಾಯಿತು, ಸಿಹಿಯೂ ಕಮ್ಮಿ. ಅಟೆಂಡರ್ ಮುರುಗೇಶನನ್ನು ಪಕ್ಕಕ್ಕೆ ಕರೆದು ಕೇಳಿದರು.

"ಸ್ಪೋರ್ಟ್ಸ್ ಡೇಲಿ ಗ್ಲೂಕೋಸ್ ಉಳ್ದಿತ್ತು ಮೇಡಂ. ಚೆಲ್ಲೋದ್ಯಾಕೆ ಅಂತ ನಿಮ್ಮ ಖಾಲಿ ಡಬ್ಬಿಗೆ ಸುರ್ದಿಟ್ಟೆ," ಎಂದ ಅವನು.

ತುಂಬಿದ ಡಬ್ಬಿ ಕಂಡು, ತಾವೇ ತಂದಿಟ್ಟ ಸಕ್ಕರೆಯೆಂದುಕೊಂಡು, ಹಿಂದಿನ ಸಂಜೆ ಎಲ್ಲರ ಪ್ರಯೋಗಕ್ಕೂ ಅದನ್ನೇ ಕರಗಿಸಿದ್ದವರು ಶೈಲಜಮ್ಮ. ಗ್ಲೂಕೋಸು ಬೆಳಕನ್ನು ಸಕ್ಕರೆಯಷ್ಟು ತಿರುಗಿಸದು. ಬಾಯಿ ಬಿಟ್ಟರೆ ಇಷ್ಟು ವರ್ಷದ ಮರ್ಯಾದೆ ಮಣ್ಣುಪಾಲು. ಸುಮ್ಮನಿದ್ದರೆ ಕಂಡದ್ದನ್ನು ಬರೆದವಳು ಫೇಲು. ಧರ್ಮಸಂಕಟವೆಂದರೆ ಇದೇ. ಆದರೂ ಆಕೆ ಹೆಚ್ಚು ಹೊತ್ತು ಹಿಂದೆಮುಂದೆ ನೋಡಲಿಲ್ಲ.

"ಸಾರ್, ತಪ್ಪು ನಂದು. ಅದು ಸಕ್ಕರೆ ಅಲ್ಲ, ಗ್ಲೂಕೋಸು. ಈ ಮಗು ಬರ್ದಿರೋದೇ ಸರಿ."

ಪ್ರಭುದೇವ ತಾವೂ ಒಮ್ಮೆ ನೋಡಿ, ತಲೆಯಾಡಿಸಿ, ಲಾಸ್ಯಾಳಿಗೆ ಪೂರ್ತಿ ಅಂಕ ಕೊಟ್ಟರು. ಆಮೇಲೆ ಉಳಿದವರ ಉತ್ತರಪತ್ರಿಕೆಗಳ ಕಟ್ಟನ್ನು ಮುಂದೆಳೆದುಕೊಂಡರು.

"ಹಾಗಾದ್ರೆ ಇವರಿಗೆಲ್ಲ ಅರವತ್ತಾರು ಎಲ್ಲಿಂದ ಬಂತು ಮೇಡಂ?"

ಮಕ್ಕಳು ತಲೆ ತಗ್ಗಿಸಿ ನಿಂತಿದ್ದರು.

"ನನ್ನಿಂದ ಸಾರ್," ಎಂದರು ಶೈಲಜಮ್ಮ. "ಪಾಪ, ಫೇಲಾಗ್ಬಾರ್ದು ಅಂತ, ಏನೇ ಕಂಡ್ರೂ ಅರವತ್ತಾರೇ ಬರೀರಿ ಅಂತ ಹೇಳ್ಕೊಟ್ಟವಳು ನಾನೇ. ಇವಳು ನನ್ನ ಮಾತು ಕೇಳ್ಲಿಲ್ಲ."